ಜಾಲಂಧ್ರದ ಊರಿಗೆ ಬಂದ ಅಂತರ್ಜಾಲ

ಆಂಧ್ರದ ಗಡಿಯೂರಾದ ಹೇಮಾವತಿಯ ದೊಡ್ಡೇಶ್ವರ ದೇವಾಲಯವನ್ನು ಮಧ್ಯಾಹ್ನದ ಬಿಸಿಲು ತೀಕ್ಷ್ಣವಾಗಿರುವ ಹೊತ್ತಿನಲ್ಲಿ ಪ್ರವೇಶಿಸಿದವರು, ಕಣ್ಣು ಒಳಗಿನ ಕತ್ತಲೆಗೆ ಹೊಂದಿಕೊಂಡ ಮೇಲೆ, ನೊಳಂಬರ ಕಾಲದ ಶಿಲ್ಪಿಗಳು ಕಪ್ಪುಕಲ್ಲಿನ ಹಲಗೆಗಳನ್ನು ಕೊರೆದು ನಿರ್ಮಿಸಿದ ಜಾಲಂಧ್ರಗಳ ಮೂಲಕ ಬೆಳಕು ಸೋಸಿಕೊಂಡು ಬರುವುದನ್ನು ಕಾಣುತ್ತಾರೆ. ಬಳ್ಳಿಯ ಸುರುಳಿಗಳ ನಡುವೆ ದೇವತೆಗಳನ್ನು ಕೂರಿಸಿದ ಆ ಕಲ್ಲಿನ ಕಿಟಕಿಗಳನ್ನು ನೋಡಿದಾಗಲೆಲ್ಲ ನನಗೆ ತೋರುವುದಿಷ್ಟು: ಕಲ್ಲು ತಾನಾಗಿ ಬೆಳಕನ್ನು ಬಿಡತಕ್ಕ ಪದಾರ್ಥವಲ್ಲವಾದುದರಿಂದ, ಬೆಳಕಿಗೆ ಎಲ್ಲಿ ಎಷ್ಟು ದಾರಿ ಕೊಡಬೇಕೆಂಬುದನ್ನು ಕಟ್ಟುವವನು ಮುಂದಾಗಿಯೇ ಆಲೋಚಿಸಿರಬೇಕು. ಮನೆಗೊಂದು ವೈಫೈ ರೂಟರನ್ನು ಆರಿಸಿಕೊಳ್ಳುವ ವಿಚಾರವಾಗಿ ಬರೆಯಹೊರಟವನು ದೇವಾಲಯದ ಕಿಟಕಿಯಿಂದ ಆರಂಭಿಸುವುದೇಕೆಂದು ಓದುಗರು ಕೇಳಬಹುದು. ರೂಟರು ಹೊರಡಿಸುವುದೂ ಬೆಳಕಿನ ಜಾತಿಯ ಅಲೆಗಳನ್ನೇ; ನಮ್ಮ ಕಣ್ಣಿಗೆ ಅವು ಕಾಣುವುದಿಲ್ಲವೆಂಬುದೊಂದೇ ವ್ಯತ್ಯಾಸದಿಂದ, ಗೋಡೆಯ ದಪ್ಪ, ಬಾಗಿಲಿನ ದಿಕ್ಕು, ಮನೆಯ ವಿನ್ಯಾಸ ಇವುಗಳನ್ನು ಗಮನಿಸದೆ ಅಂಗಡಿಗೆ ಹೋಗಿ, ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿ ಹಣ ತೆತ್ತು ಬರುತ್ತೇವೆ.

ಶಾಸನಗಳಲ್ಲಿ ಹೆಂಜೇರು ಎಂದು ಹೆಸರಾಗಿ, ನೊಳಂಬವಾಡಿ 32,000 ಎಂಬ ನಾಡಿನ ರಾಜಧಾನಿಯೆನಿಸಿದ್ದ ಈ ಊರಿನ ಕಲ್ಲಿನ ಕೆಲಸದ ಕೀರ್ತಿ ಎಷ್ಟು ದೂರ ಹಬ್ಬಿತ್ತೆಂದರೆ, ಇಲ್ಲಿಯ ಶೈಲಿಯ ಕಂಬಗಳನ್ನು ಇಂದಿಗೂ ಕಾವೇರಿಯ ದಡದ ತಿರುವೈಯಾರಿನ ದೇವಾಲಯದಲ್ಲಿ ಕಾಣಬಹುದು. ಆಡಳಿತದ ಗೆರೆಗಳು ಮಾತ್ರ ಈ ಸೀಮೆಯ ಮೇಲೆ ಬಹಳ ಸಲ ಬದಲಾಗಿವೆ. 1953ರಲ್ಲಿ ಆಂಧ್ರ ರಾಜ್ಯವು ರೂಪುಗೊಂಡಾಗ ಹೇಮಾವತಿಯನ್ನೊಳಗೊಂಡ ಮಡಕಶಿರಾ ಸೀಮೆಯು ಅನಂತಪುರ ಜಿಲ್ಲೆಯೊಡನೆ ಆ ರಾಜ್ಯಕ್ಕೆ ಸಂದಿತು. ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟ ರಾಯದುರ್ಗವೂ ಅದೇ ವರ್ಷ ಅದರ ಪಾಲಾಯಿತು. 2022ರಲ್ಲಿ ಅನಂತಪುರ ಜಿಲ್ಲೆಯು ವಿಭಾಗಗೊಂಡು ಹೇಮಾವತಿಯು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು, ಮಕ್ಕಳ ಉದ್ಯೋಗ ಬೆಂಗಳೂರು ಎಂಬಂತಹ ಜೀವನ ಇಲ್ಲಿಯದು. ಹೊಲದ ಪಹಣಿಯನ್ನು ಆಂಧ್ರದ ಮೀಭೂಮಿ ತಾಣದಲ್ಲಿ ನೋಡಬೇಕು, ಗ್ರಾಮ ಸಚಿವಾಲಯದಲ್ಲಿ ಕೊಟ್ಟ ಅರ್ಜಿ ಎಲ್ಲಿಗೆ ಬಂದಿದೆಯೆಂದು ವಿಚಾರಿಸಬೇಕು, ಕನ್ನಡ ಮಾಧ್ಯಮದಲ್ಲಿ ಓದುವ ಹುಡುಗನಿಗೆ ಕನ್ನಡದ ಪಾಠಗಳನ್ನು ಹುಡುಕಿಕೊಡಬೇಕು, ಸಂಜೆಯಾದರೆ ಬೆಂಗಳೂರಿನ ಮೊಮ್ಮಗುವಿನ ಮುಖವನ್ನು ಅಜ್ಜಿಗೆ ತೋರಿಸಬೇಕು. ಗಡಿಯ ಮನೆಗೆ ಅಂತರ್ಜಾಲವು ವಿಲಾಸದ ವಸ್ತುವೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಎರಡು ರಾಜ್ಯಗಳ ನಡುವೆ ಹಂಚಿಹೋದ ಸಂಸಾರವನ್ನು ದಿನವೂ ಒಂದುಗೂಡಿಸುವ ದಾರಿ ಅದು.

ಆ ದಾರಿ ಊರಿಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗ್ರಾಮ ಪಂಚಾಯತಿಗಳಿಗೆಲ್ಲ ಗಾಜಿನ ತಂತಿಯ ಸಂಪರ್ಕವನ್ನು ಕೊಡಬೇಕೆಂಬ ರಾಷ್ಟ್ರೀಯ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. ಭಾರತ್‌ನೆಟ್ ಎಂಬ ಹೆಸರು ಅದಕ್ಕೆ ಆಮೇಲೆ ಬಂದುದು. ಆಂಧ್ರಪ್ರದೇಶವು ಎಪಿ ಫೈಬರ್‌ನೆಟ್ ಎಂಬ ತನ್ನದೇ ಸಂಸ್ಥೆಯನ್ನು ಕಟ್ಟಿ, ನೆಲವನ್ನು ಅಗೆಯುವ ವೆಚ್ಚವನ್ನೂ ವಿಳಂಬವನ್ನೂ ತಪ್ಪಿಸುವುದಕ್ಕಾಗಿ ವಿದ್ಯುತ್ ಕಂಬಗಳ ಮೇಲೆಯೇ ಆ ತಂತಿಯನ್ನು ಎಳೆಯಿಸಿತು. ಅದನ್ನು 2017ರ ಡಿಸೆಂಬರ್ 27ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಲೋಕಾರ್ಪಣೆ ಮಾಡಿದಾಗ, ದೂರವಾಣಿ, ಟಿವಿ, ಅಂತರ್ಜಾಲ ಮೂರನ್ನೂ ಸೇರಿಸಿ ತಿಂಗಳಿಗೆ 149 ರೂಪಾಯಿಯ ಆರಂಭದ ದರವನ್ನು ನಿಗದಿಪಡಿಸಲಾಗಿತ್ತು. ಅದರ ಜೊತೆಗೆ ಖಾಸಗಿ ಕಂಪನಿಗಳೂ ಊರ ಕೇಬಲ್‌ನವರೂ ಎಳೆದ ತಂತಿಗಳಿವೆ. ಕಂಬದಿಂದ ಮನೆಯೊಳಕ್ಕೆ ಬರುವ, ಹುರಿಗಿಂತ ಸ್ವಲ್ಪವೇ ದಪ್ಪವಾದ ಕಪ್ಪು ತಂತಿಯೊಳಗೆ ಕೂದಲೆಳೆಯಷ್ಟು ಸಣ್ಣ ಗಾಜಿನ ನಾಳವಿದ್ದು, ಅದರೊಳಗೆ ಲೇಸರ್ ಬೆಳಕಿನ ಮಿಣುಕುಗಳಾಗಿ ನಮ್ಮ ಮಾತು, ಚಿತ್ರ, ಪತ್ರಗಳೆಲ್ಲ ಸಂಚರಿಸುತ್ತವೆ. ಆ ಎಳೆಯನ್ನು ಬಾಗಿಲ ಸಂದಿಯಲ್ಲಿ ಕುಕ್ಕಿ ಮಡಚಿದರೆ ಬೆಳಕು ಸೋರಿಹೋಗುತ್ತದೆಯೆಂಬುದನ್ನೂ, ಬಿಚ್ಚಿದ ತುದಿಯನ್ನು ಕಣ್ಣಿನ ಸಮೀಪ ಹಿಡಿದು ನೋಡಬಾರದೆಂಬುದನ್ನೂ ಮನೆಯ ಮಕ್ಕಳಿಗೆ ಹೇಳಿಡುವುದು ಒಳ್ಳೆಯದು.

ಇಲ್ಲಿ ಒಂದು ಭೇದವನ್ನು ತಿಳಿದುಕೊಳ್ಳದೆ ಮುಂದುವರಿಯುವಂತಿಲ್ಲ. ಗಾಜಿನ ತಂತಿಯ ಬೆಳಕನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುವ ಪೆಟ್ಟಿಗೆ ಒಂದು. ಜನ ಅದನ್ನು ಮೋಡೆಮ್ ಎನ್ನುತ್ತಾರೆ, ಕೇಬಲ್‌ನವರು ಓಎನ್‌ಟಿ ಎನ್ನುತ್ತಾರೆ. ಹೀಗೆ ಒಳಗೆ ಬಂದ ಒಂದು ಸಂಪರ್ಕವನ್ನು ಮನೆಯ ಫೋನು, ಟಿವಿ, ಲ್ಯಾಪ್‌ಟಾಪುಗಳಿಗೆಲ್ಲ ಹಂಚಿ, ಯಾವ ಉತ್ತರ ಯಾವ ಯಂತ್ರಕ್ಕೆ ಸೇರತಕ್ಕದ್ದೆಂದು ನೋಡಿಕೊಂಡು, ತಂತಿಯಿಲ್ಲದೆ ಅಲೆಗಳ ಮೂಲಕ ತಲುಪಿಸುವ ಕೆಲಸ ರೂಟರಿನದು. ಈಚಿನ ಬಹುಪಾಲು ಸಂಪರ್ಕಗಳಲ್ಲಿ ಈ ಎರಡೂ ಒಂದೇ ಪೆಟ್ಟಿಗೆಯೊಳಗೆ ಅಡಕವಾಗಿ ಬರುವುದರಿಂದ, ಹೊಸ ರೂಟರನ್ನು ಕೊಳ್ಳಬೇಕೆಂದು ನಿಶ್ಚಯಿಸುವುದಕ್ಕೆ ಮೊದಲು ಮನೆಯಲ್ಲಿರುವ ಪೆಟ್ಟಿಗೆ ಯಾವ ಬಗೆಯದೆಂದು ವಿಚಾರಿಸಬೇಕು. ಪರೀಕ್ಷೆಯೂ ಸುಲಭವಾಗಿದೆ. ಒಂದು ಲ್ಯಾಪ್‌ಟಾಪನ್ನು ಆ ಪೆಟ್ಟಿಗೆಗೆ ತಂತಿಯಿಂದಲೇ ಜೋಡಿಸಿ ವೇಗವನ್ನು ಅಳೆದು, ಆಮೇಲೆ ಅದೇ ಸ್ಥಳದಲ್ಲಿ ವೈಫೈಯಿಂದಲೂ, ದೂರದ ಕೋಣೆಯಲ್ಲಿ ಇನ್ನೊಮ್ಮೆಯೂ ಅಳೆದರೆ, ದೋಷ ಹೊರಗಿನ ತಂತಿಯಲ್ಲಿದೆಯೋ ಮನೆಯ ಪೆಟ್ಟಿಗೆಯಲ್ಲಿದೆಯೋ ಗೋಡೆಯಲ್ಲಿದೆಯೋ ಹತ್ತು ನಿಮಿಷದಲ್ಲಿ ಸ್ಪಷ್ಟವಾಗುತ್ತದೆ. ಪೆಟ್ಟಿಗೆಯ ಮೇಲೆ ಎಲ್‌ಓಎಸ್ ಎಂದು ಬರೆದಿರುವ ಕೆಂಪು ದೀಪ ಹತ್ತಿದ್ದರೆ ಗಾಜಿನ ತಂತಿಯ ಬೆಳಕೇ ಮನೆಗೆ ಬರುತ್ತಿಲ್ಲವೆಂದು ಅರ್ಥ; ಆಗ ಎಷ್ಟು ಬೆಲೆಯ ರೂಟರನ್ನು ತಂದರೂ ಪ್ರಯೋಜನವಿಲ್ಲ, ಕೇಬಲ್‌ನವರಿಗೆ ಫೋನು ಮಾಡತಕ್ಕದ್ದು.

ಈ ಪರೀಕ್ಷೆಯನ್ನು ಮಾಡದೆ ನಾನು ಪಟ್ಟ ನಷ್ಟವನ್ನು ಇಲ್ಲಿ ಹೇಳುವುದು ಉಚಿತ. ನಮ್ಮದು ಹಳೆಯ ಕಾಲದ ಮನೆ. ಕಲ್ಲು ಮಣ್ಣಿನಿಂದ ಎಬ್ಬಿಸಿದ, ಎರಡಡಿಗೂ ಮಿಕ್ಕ ದಪ್ಪದ ಗೋಡೆ. ಮೇಲೆ ಕಲ್ಲುಚಪ್ಪಡಿ ಹಾಸಿದ ಮಾಳಿಗೆ. ಹಿತ್ತಿಲ ಕಡೆಗೆ ಈಚೆಗೆ ಕಟ್ಟಿಸಿದ ಒಂದು ಆರ್‌ಸಿಸಿ ಕೋಣೆ. ಆ ಹಿಂದಿನ ಕೋಣೆಯಲ್ಲಿ ಓದಲು ಕೂರುತ್ತಿದ್ದ ನನ್ನ ಸೋದರಳಿಯ, "ಮಾವ, ಪಡಸಾಲೇಲಿ ಚೆನ್ನಾಗೇ ಬರ್ತೈತೆ, ಹಿಂದಿನ ರೂಮಿಗೆ ಹೋದ್ರೆ ಏನೂ ಇಲ್ಲ" ಎಂದು ಅನೇಕ ಸಲ ಹೇಳಿದ ಮೇಲೆ, ಪಟ್ಟಣದ ಅಂಗಡಿಯೊಂದಕ್ಕೆ ಹೋಗಿ, ಅಂಗಡಿಯವರ ಮಾತಿನಂತೆ, ಕೊಂಬುಗಳ ಹಾಗೆ ಆರು ಆಂಟೆನಾಗಳು ಎದ್ದು ನಿಂತಿದ್ದ ಪೆಟ್ಟಿಗೆಯೊಂದನ್ನು ತಂದೆ. ಕೊಂಬು ಹೆಚ್ಚಾದಷ್ಟೂ ಗೋಡೆಯನ್ನು ಭೇದಿಸುವ ಶಕ್ತಿ ಹೆಚ್ಚೆಂದು ಅವರು ಹೇಳಿದ್ದರು. ಪಡಸಾಲೆಯಲ್ಲಿ ಹಳೆಯದು ಹೇಗಿತ್ತೋ ಹೊಸದೂ ಹಾಗೆಯೇ ಇತ್ತು; ಹಿಂದಿನ ಕೋಣೆಯಲ್ಲಿ ಫೋನು ಸಿಗ್ನಲ್ ಇದೆಯೆಂದು ಗೆರೆಗಳನ್ನು ತೋರಿಸುತ್ತಿತ್ತಾದರೂ ಪಾಠದ ವಿಡಿಯೋ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಪರೀಕ್ಷೆ ಸಮೀಪಿಸಿದ್ದ ಆ ಹುಡುಗನು ಮಾಳಿಗೆಯ ಮೆಟ್ಟಿಲ ಮೇಲೆ ಕುಳಿತು ರಾತ್ರಿಯ ಪಾಠವನ್ನು ಕೇಳಿದುದನ್ನು ನೆನೆದರೆ ಈಗಲೂ ನನಗೆ ವ್ಯಥೆಯಾಗುತ್ತದೆ. ಆ ವ್ಯಥೆಯಿಂದಲೇ ಈ ವಿಷಯವನ್ನು ಬುಡದಿಂದ ತಿಳಿದುಕೊಳ್ಳಬೇಕೆಂಬ ಆಸಕ್ತಿ ಹುಟ್ಟಿತು.

ಕ್ರಿ.ಶ. 1895ರಲ್ಲಿ ಕಲ್ಕತ್ತೆಯಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ತಾವೇ ನಿರ್ಮಿಸಿದ ಉಪಕರಣದಿಂದ ಕಣ್ಣಿಗೆ ಕಾಣದ ವಿದ್ಯುತ್ ಅಲೆಗಳನ್ನು ಹೊರಡಿಸಿ, ಗೋಡೆಯಾಚೆ ಇಟ್ಟಿದ್ದ ಗಂಟೆಯನ್ನು ಬಾರಿಸಿ, ಮದ್ದನ್ನು ಸಿಡಿಸಿ ತೋರಿಸಿದರು. ಐದು ಮಿಲಿಮೀಟರಿನಷ್ಟು ಕಿರಿದಾದ ಅಲೆಗಳನ್ನು ಕೂಡ ಅವರು ಉತ್ಪಾದಿಸಿ ಅಭ್ಯಸಿಸಿದರು. ಅಲೆಯ ಉದ್ದಕ್ಕೂ ಅದು ಎದುರಿಸುವ ಪದಾರ್ಥಕ್ಕೂ ಇರುವ ಸಂಬಂಧವನ್ನು ನಮ್ಮ ದೇಶದಲ್ಲಿ ಪರಿಶೀಲಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಇಂದಿನ ರೂಟರುಗಳು ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಅಲೆಗಳನ್ನು ಹೊರಡಿಸುತ್ತವೆ. 2.4 ಗಿಗಾಹರ್ಟ್ಸ್ ಎಂಬುದರ ಅಲೆ ಸುಮಾರು ಹನ್ನೆರಡೂವರೆ ಸೆಂಟಿಮೀಟರ್ ಉದ್ದ. 5 ಗಿಗಾಹರ್ಟ್ಸ್ ಎಂಬುದರದು ಹೆಚ್ಚುಕಡಮೆ ಅದರ ಅರ್ಧ. ಮೊದಲನೆಯದು ಗೋಡೆಯನ್ನು ತಕ್ಕಮಟ್ಟಿಗೆ ದಾಟುತ್ತದೆ, ಆದರೆ ಅದರ ದಾರಿ ಇಕ್ಕಟ್ಟಾದುದು. ನೆರೆಮನೆಯ ಪೆಟ್ಟಿಗೆ, ಬ್ಲೂಟೂತ್, ಅಡಿಗೆಯ ಮೈಕ್ರೋವೇವ್ ಒಲೆ ಎಲ್ಲವೂ ಅದೇ ಓಣಿಯಲ್ಲಿ ನಡೆದಾಡುತ್ತವೆ. ಎರಡನೆಯದು ವಿಶಾಲವಾದ, ವೇಗವಾದ ದಾರಿ. ದಪ್ಪ ಗೋಡೆಯೊಂದು ಅಡ್ಡ ಬಂದರೆ ಮಾತ್ರ ಬಹುಮಟ್ಟಿಗೆ ಅಲ್ಲಿಯೇ ಕುಗ್ಗುತ್ತದೆ. ಒಳ್ಳೆಯ ರೂಟರೆಂದರೆ ಈ ಎರಡನ್ನೂ ಹೊಂದಿದುದಾಗಿರಬೇಕು; ಒಂದೇ ಪಟ್ಟಿಯ ಪೆಟ್ಟಿಗೆಯನ್ನು ಈ ಕಾಲದಲ್ಲಿ ಅಗ್ಗವೆಂದು ಕೊಳ್ಳುವುದು ಸರಿಯಲ್ಲ.

ಪದಾರ್ಥಗಳ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ನಮ್ಮ ಸೀಮೆಯ ಮನೆಗಳ ನಿಜವಾದ ತೊಡಕು ಇರುವುದು ಇಲ್ಲಿಯೇ. ಮರದ ಬಾಗಿಲು, ಗಾಜು, ತೆಳುವಾದ ಇಟ್ಟಿಗೆಯ ಗೋಡೆ ಇವುಗಳನ್ನು ಅಲೆಯು ಅಲ್ಪ ನಷ್ಟದಿಂದ ದಾಟುತ್ತದೆ. ಎರಡಡಿಯ ಕಲ್ಲುಗೋಡೆಯು ಅದನ್ನು ಹೀರುತ್ತದೆ. ಮಳೆಗಾಲದಲ್ಲಿ ನೀರುಂಡು ನೆನೆದ ಮಣ್ಣುಗೋಡೆಯು ಇನ್ನೂ ಹೆಚ್ಚು ಹೀರುತ್ತದೆ. ಲೋಹವು ಹೀರುವುದಿಲ್ಲ, ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ತಗಡಿನ ಮಾಡು, ಕಬ್ಬಿಣದ ಬೀರು, ಆರ್‌ಸಿಸಿ ಮಾಳಿಗೆಯೊಳಗೆ ಹೆಣೆದ ಕಂಬಿಗಳು, ಗೋಡೆಗೆ ಒರಗಿಸಿದ ದೊಡ್ಡ ಕನ್ನಡಿಯ ಹಿಂದಿನ ಲೋಹದ ಲೇಪನ ಇವೆಲ್ಲ ಅಲೆಗೆ ತಡೆಗಳು. ತುಂಬಿದ ನೀರಿನ ತೊಟ್ಟಿಯೂ ಒಂದು ಗೋಡೆಯೇ. ದೂರದ ಲೆಕ್ಕವೂ ಉಂಟು: ತೆರೆದ ಬಯಲಿನಲ್ಲಿಯೇ ದೂರವು ಎರಡರಷ್ಟಾದರೆ ತಲುಪುವ ಶಕ್ತಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನೆಟ್ಟಗೆ ನಿಂತ ಆಂಟೆನಾದ ಅಲೆಗಳು ಸುತ್ತಲೂ ಅಡ್ಡಡ್ಡವಾಗಿ ಹರಡುತ್ತವೆಯೇ ಹೊರತು ನೆತ್ತಿಯ ನೇರಕ್ಕೂ ಪಾದದ ನೇರಕ್ಕೂ ಹೆಚ್ಚಾಗಿ ಹೋಗುವುದಿಲ್ಲವೆಂಬುದರಿಂದ, ಮೇಲುಮಾಳಿಗೆಯ ಕೋಣೆಗೆ ಸಿಗ್ನಲ್ ಬೇಕಾದರೆ ಒಂದು ಆಂಟೆನಾವನ್ನು ಓರೆಯಾಗಿಯೋ ಅಡ್ಡವಾಗಿಯೋ ತಿರುಗಿಸಿಡಬೇಕು.

ಕೊಂಬುಗಳ ವಿಷಯದಲ್ಲಿ ನನ್ನನ್ನು ತಪ್ಪು ತಿಳಿವಳಿಕೆಗೆ ಗುರಿಪಡಿಸಿದ ಮಾತಿಗೆ ಉತ್ತರವೂ ಇಲ್ಲಿದೆ. ಪರವಾನಗಿಯಿಲ್ಲದೆ ಬಳಸಬಹುದಾದ ಈ ತರಂಗಪಟ್ಟಿಗಳಲ್ಲಿ, ಅಂದರೆ ಭಾರತದಲ್ಲಿ 2005ರಲ್ಲಿ ಮುಕ್ತವಾದ 2.4ರಲ್ಲಿಯೂ 2018ರಲ್ಲಿ ಇನ್ನಷ್ಟು ವಿಸ್ತಾರವಾಗಿ ಮುಕ್ತವಾದ 5ರಲ್ಲಿಯೂ, ಎಷ್ಟು ಶಕ್ತಿಯಿಂದ ಅಲೆಗಳನ್ನು ಹೊರಡಿಸಬಹುದೆಂಬುದಕ್ಕೆ ಕಾನೂನಿನ ಮೇರೆಯಿದೆ. ಆಂಟೆನಾಗಳ ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ಆ ಮೇರೆ ಹೆಚ್ಚಾಗುವುದಿಲ್ಲ. ಅದಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದುಂಟು. ರೂಟರಿಗೂ ಫೋನಿಗೂ ನಡೆಯುವುದು ಸಂಭಾಷಣೆ. ಒಬ್ಬನು ಹೇಳಿದುದು ಕೇಳಿಸಿತೆಂದು ಮತ್ತೊಬ್ಬನು ಪ್ರತಿ ಬಾರಿಯೂ ಉತ್ತರಿಸದಿದ್ದರೆ ಮಾತು ಮುಂದುವರಿಯುವುದಿಲ್ಲ. ಗುಡ್ಡದ ಮೇಲಿನಿಂದ ದೊಡ್ಡ ಗಂಟಲಿನವನು ಕೂಗಿದರೆ ಕೆಳಗಿನ ಹೊಲದವನಿಗೆ ಕೇಳಿಸಬಹುದು. ಆದರೆ ಕೆಳಗಿನವನ ಧ್ವನಿ ಮೇಲಕ್ಕೆ ಮುಟ್ಟದಿದ್ದರೆ ಏನು ಫಲ? ಫೋನಿನೊಳಗಿನ ಪುಟ್ಟ ಆಂಟೆನಾ ಮತ್ತು ಪುಟ್ಟ ಬ್ಯಾಟರಿಯ ದನಿ ಸಣ್ಣದು. ಹಿಂದಿನ ಕೋಣೆಯಲ್ಲಿ ಸಿಗ್ನಲಿನ ಗೆರೆಗಳು ಕಾಣುತ್ತಿದ್ದರೂ ಪಾಠ ನಿಲ್ಲುತ್ತಿದ್ದುದು ಇದರಿಂದಲೇ. ಗೋಡೆಯನ್ನು ಬಲದಿಂದ ಗೆಲ್ಲುವ ಪೆಟ್ಟಿಗೆಯನ್ನು ಹುಡುಕುವುದನ್ನು ಬಿಟ್ಟು, ಗೋಡೆಯನ್ನು ಬಳಸಿ ಹೋಗುವ ದಾರಿಯನ್ನು ಹುಡುಕಬೇಕು; ಜಾಲಂಧ್ರದ ಶಿಲ್ಪಿಗಳು ಮಾಡಿದುದೂ ಅದನ್ನೇ.

ದಾರಿಗಳಲ್ಲಿ ಎಲ್ಲಕ್ಕಿಂತ ಅಗ್ಗವಾದುದು ಪೆಟ್ಟಿಗೆಯ ಸ್ಥಳವನ್ನು ಬದಲಾಯಿಸುವುದು. ಕೇಬಲ್‌ನವರು ತಮಗೆ ಅನುಕೂಲವಾದಂತೆ ಬೀದಿಬಾಗಿಲ ಮೂಲೆಯಲ್ಲಿ, ಟಿವಿಯ ಹಿಂದೆ, ಮೊಳೆ ಹೊಡೆದು ಹೋಗುತ್ತಾರೆ. ಅಲ್ಲಿಂದ ಅರ್ಧ ಅಲೆ ಬೀದಿಗೇ ಹೋಗುತ್ತದೆ. ಮನೆಯ ನಡುವೆ, ಎರಡು ಮೂರು ಬಾಗಿಲುಗಳು ಒಂದೇ ನೇರಕ್ಕೆ ಕಾಣುವ ಕಡೆ, ಆಳೆತ್ತರದಲ್ಲಿ, ತೆರೆದ ಗೂಡಿನಲ್ಲಿ ಅದನ್ನು ಇಡುವಂತೆ ಅವರನ್ನು ಮೊದಲ ದಿನವೇ ಕೇಳಿಕೊಳ್ಳಬೇಕು. ಇದು ಸಾಲದಾದಾಗ ಸಿಗ್ನಲನ್ನು ಹಿಡಿದು ಮತ್ತೆ ಬಿಡುವ ಎಕ್ಸ್‌ಟೆಂಡರ್ ಎಂಬ ಸಣ್ಣ ಸಾಧನವನ್ನು ಅಂಗಡಿಯಲ್ಲಿ ತೋರಿಸುತ್ತಾರೆ. ಕೇಳುವುದಕ್ಕೂ ಹೇಳುವುದಕ್ಕೂ ಅದು ಒಂದೇ ಅಲೆಯನ್ನು ಬಳಸಿದರೆ ವೇಗ ಅರ್ಧಕ್ಕೆ ಇಳಿಯುವುದೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಮೆಶ್ ಎಂದು ಕರೆಯುವ, ಎರಡು ಮೂರು ಪೆಟ್ಟಿಗೆಗಳು ಒಂದೇ ಹೆಸರಿನಲ್ಲಿ ಕೂಡಿ ದುಡಿಯುವ ವ್ಯವಸ್ಥೆ ಇದಕ್ಕಿಂತ ಮೇಲು. ಅದೂ ಕಲ್ಲುಗೋಡೆಯ ಮನೆಯಲ್ಲಿ ತನ್ನ ಪೂರ್ಣ ಫಲವನ್ನು ಕೊಡಬೇಕಾದರೆ ಪೆಟ್ಟಿಗೆಗಳ ನಡುವೆ ತಂತಿ ಇರಬೇಕು. ನನ್ನ ದೃಢವಾದ ಅಭಿಪ್ರಾಯವೇನೆಂದರೆ, ದಪ್ಪ ಗೋಡೆಯ ಮನೆಗೆ ಹತ್ತು ಸಾವಿರದ ಒಂದು ರೂಟರಿಗಿಂತ ಸಾಧಾರಣ ಬೆಲೆಯ ಎರಡು ಪೆಟ್ಟಿಗೆಗಳೂ ಅವುಗಳ ನಡುವೆ ಒಂದು ತಂತಿಯೂ ಶ್ರೇಷ್ಠ. ಕ್ಯಾಟ್-6 ಎಂಬ ತಾಮ್ರದ ತಂತಿ ನೂರು ಮೀಟರಿನವರೆಗೆ ನಿರಾತಂಕವಾಗಿ ಕೆಲಸ ಮಾಡುತ್ತದೆ. ಎರಡನೆಯ ಪೆಟ್ಟಿಗೆಯನ್ನು ರೂಟರಾಗಿ ಅಲ್ಲದೆ ಆಕ್ಸೆಸ್ ಪಾಯಿಂಟ್ ಎಂಬ ಸ್ಥಿತಿಯಲ್ಲಿಟ್ಟರೆ ಹಂಚುವ ಕೆಲಸವನ್ನು ಇಬ್ಬರು ಮಾಡಹೋಗಿ ಆಗುವ ಗೊಂದಲವೂ ತಪ್ಪುತ್ತದೆ. ನಮ್ಮ ಮನೆಯಲ್ಲಿ ಕಿಟಕಿಯ ಚೌಕಟ್ಟಿನ ಅಂಚಿನಲ್ಲಿ ಹಾಯಿಸಿದ ಇಂತಹ ಒಂದು ತಂತಿಯೇ ಕೊನೆಗೆ ಹಿಂದಿನ ಕೋಣೆಯ ಸಮಸ್ಯೆಯನ್ನು ಪರಿಹರಿಸಿತು.

ಇನ್ನು ಬಿಸಿಲಿನ ಮಾತು. ಮನೆಬಳಕೆಯ ಬಹುಪಾಲು ರೂಟರುಗಳ ಜೊತೆ ಬರುವ ಕಾಗದದಲ್ಲಿ, ಅವು ಸೊನ್ನೆಯಿಂದ 40 ಡಿಗ್ರಿಯವರೆಗಿನ ಉಷ್ಣತೆಯಲ್ಲಿ ಕೆಲಸ ಮಾಡುವುವೆಂದು ಸಣ್ಣಕ್ಷರದಲ್ಲಿ ಮುದ್ರಿಸಿರುತ್ತಾರೆ. ಅನಂತಪುರದ ಬಯಲಿನಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ನೆರಳಿನ ಉಷ್ಣತೆಯೇ ಆ ಮೇರೆಯನ್ನು ದಾಟುವುದುಂಟು. ಮಡಕಶಿರಾದ ಮೇಲುನೆಲ ತುಸು ತಂಪಾದುದಾದರೂ ತಗಡಿನ ಮಾಡಿನ ಕೆಳಗೆ, ಅಥವಾ ಧೂಳು ಕೂರಬಾರದೆಂದು ಬಟ್ಟೆ ಹೊದಿಸಿದ ಪೆಟ್ಟಿಗೆಯೊಳಗೆ, ಶಾಖ ಸಹಿಸತಕ್ಕ ಮಟ್ಟದಲ್ಲಿರುವುದಿಲ್ಲ. ಉಷ್ಣತೆ ಪ್ರತಿ ಹತ್ತು ಡಿಗ್ರಿ ಏರಿದಂತೆ ಒಳಗಿನ ಕೆಪಾಸಿಟರುಗಳ ಆಯುಸ್ಸು ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆಯೆಂಬುದು ಎಂಜಿನಿಯರುಗಳು ಇಟ್ಟುಕೊಂಡಿರುವ ರೂಢಿಯ ಲೆಕ್ಕ. ಆಗಾಗ ತಾನಾಗಿ ನಿಂತು, ಆರಿಸಿ ಹಚ್ಚಿದರೆ ಮತ್ತೆ ಸರಿಯಾಗುವ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಕೆಟ್ಟಿರುವುದು ರೂಟರಲ್ಲ, ಅದರ ಅಡಾಪ್ಟರು. ಸುತ್ತಲೂ ಗಾಳಿಯ ರಂಧ್ರಗಳಿರುವ, ಗೋಡೆಗೆ ತೂಗುಹಾಕಬಹುದಾದ ಪೆಟ್ಟಿಗೆಯನ್ನು ಆರಿಸಿಕೊಳ್ಳುವುದೂ, ಅದನ್ನು ಹೊದಿಸದೆ ಇಡುವುದೂ, ತಿಂಗಳಿಗೊಮ್ಮೆ ಒಣಬಟ್ಟೆಯಿಂದ ಧೂಳನ್ನು ಒರೆಸುವುದೂ ನಮ್ಮ ಹವೆಗೆ ಅತ್ಯಾವಶ್ಯಕ.

ಕರೆಂಟು ಹೋಗುವುದಂತೂ ಹಳ್ಳಿಯಲ್ಲಿ ನಿತ್ಯದ ಸಂಗತಿ. ಹೋಗುವಾಗ ಆಗುವ ಹಾನಿಗಿಂತ, ಬರುವಾಗ ಏರಿಳಿಯುವ ವೋಲ್ಟೇಜಿನಿಂದ ಆಗುವ ಹಾನಿಯೇ ಹೆಚ್ಚು. ರೂಟರೊಂದು ಸಾಮಾನ್ಯವಾಗಿ 12 ವೋಲ್ಟಿನ ನೇರ ವಿದ್ಯುತ್ತಿನಿಂದ ನಡೆಯುವುದರಿಂದ, ಅದಕ್ಕೆಂದೇ ದೊರೆಯುವ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಸಣ್ಣ ಯುಪಿಎಸ್ ಒಂದನ್ನು ಜೊತೆಯಲ್ಲಿಯೇ ಕೊಳ್ಳುವಂತೆ ನಾನು ಎಲ್ಲರಿಗೂ ಹೇಳುತ್ತೇನೆ. ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಅದಕ್ಕೂ ಒಂದೇ ಆಗಿರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಾಗಿರಬೇಕು. ಓಎನ್‌ಟಿ ಬೇರೆ, ರೂಟರ್ ಬೇರೆಯಾಗಿದ್ದರೆ ಎರಡಕ್ಕೂ ಈ ಆಶ್ರಯ ಬೇಕೆಂಬುದನ್ನು ಮರೆಯಬಾರದು. ಗಾಜಿನ ತಂತಿಯ ಪದ್ಧತಿಯಲ್ಲಿ ಒಂದು ದೊಡ್ಡ ಅನುಕೂಲವಿದೆ: ಜಿಪಾನ್ ಎಂಬ ವಿಧಾನದಲ್ಲಿ ಕೇಂದ್ರದಿಂದ ಮನೆಯವರೆಗಿನ ದಾರಿಯಲ್ಲಿ ಬೆಳಕನ್ನು ಕವಲೊಡೆಸುವ ಸಾಧನಗಳಿಗೆ ವಿದ್ಯುತ್ತೇ ಬೇಕಿಲ್ಲವಾದುದರಿಂದ, ಕೇಂದ್ರದವರ ಬ್ಯಾಟರಿಯೂ ನಮ್ಮ ಯುಪಿಎಸ್ಸೂ ನಡೆಯುವಷ್ಟು ಕಾಲ ಊರೆಲ್ಲ ಕತ್ತಲಾದರೂ ಸಂಪರ್ಕ ನಿಲ್ಲುವುದಿಲ್ಲ. ಗಾಜು ಸಿಡಿಲನ್ನು ಹಾಯಿಸುವುದೂ ಇಲ್ಲ, ತಾಮ್ರ ಹಾಯಿಸುತ್ತದೆ. ಮನೆಯಿಂದ ಹೊಲದ ಪಂಪಿನ ಮನೆಗೋ ದೂರದ ಕೊಟ್ಟಿಗೆಗೋ ಬಯಲಿನಲ್ಲಿ ತಾಮ್ರದ ತಂತಿಯನ್ನು ಎಳೆಯಬೇಡಿರಿ.

ಪೆಟ್ಟಿಗೆಯ ಮೇಲಿನ ಅಂಕಿಗಳ ವಿಚಾರವನ್ನು ಬೇಗನೆ ಮುಗಿಸುತ್ತೇನೆ, ಏಕೆಂದರೆ ಅವುಗಳಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಗಮನ ಅಂಗಡಿಯಲ್ಲಿಯೇ ಸಂದಿರುತ್ತದೆ. ಎಸಿ 1200 ಎಂದು ಬರೆದಿದ್ದರೆ ಮೊದಲ ಪಟ್ಟಿಯ 300ನ್ನೂ ಎರಡನೆಯ ಪಟ್ಟಿಯ 867ನ್ನೂ ಕೂಡಿಸಿ ಮೇಲಕ್ಕೆ ತಿದ್ದಿದ ಸಂಖ್ಯೆ ಅದು. ಒಂದು ಕಾಲಕ್ಕೆ ಒಂದೇ ಪಟ್ಟಿಯನ್ನು ಬಳಸುವ ಸಾಮಾನ್ಯ ಫೋನಿಗೆ ಅದು ಎಂದೂ ದೊರೆಯುವುದಿಲ್ಲ. ಅದೇ ಪೆಟ್ಟಿಗೆಯ ಬೆನ್ನಿನಲ್ಲಿರುವ ತಂತಿಯ ರಂಧ್ರಗಳು ಸೆಕೆಂಡಿಗೆ 100 ಮೆಗಾಬಿಟ್ಟಿನವುಗಳಾಗಿದ್ದರೆ ಹೊರಗಿನಿಂದ ಅದಕ್ಕಿಂತ ಹೆಚ್ಚು ಒಳಗೆ ಬರುವ ಸಂಭವವೇ ಇಲ್ಲ; ಆದುದರಿಂದ ಗಿಗಾಬಿಟ್ ರಂಧ್ರಗಳಿವೆಯೇ ಎಂದು ಕೇಳುವುದು ಆ ದೊಡ್ಡ ಸಂಖ್ಯೆಗಿಂತ ಹೆಚ್ಚು ಪ್ರಯೋಜನಕರ. ಸ್ಪಷ್ಟವಾದ ಎಚ್‌ಡಿ ಚಿತ್ರವೊಂದಕ್ಕೆ ಸುಮಾರು 5 ಮೆಗಾಬಿಟ್ ಸಾಕು. 2009ರ ವೈಫೈ 4ನ್ನು ಈಗ ಕೊಳ್ಳಬಾರದು. 2013ರ ಸುಮಾರಿಗೆ ಬಂದ ವೈಫೈ 5 ಚಿಕ್ಕ ಸಂಸಾರಕ್ಕೆ ಇನ್ನೂ ನಡೆಯುತ್ತದೆ. 2019ರಲ್ಲಿ ಪ್ರಮಾಣೀಕರಣ ಆರಂಭವಾದ ವೈಫೈ 6, ಅನೇಕ ಯಂತ್ರಗಳು ಏಕಕಾಲಕ್ಕೆ ಸರದಿಗಾಗಿ ಕಾಯುವುದನ್ನು ಕಡಮೆ ಮಾಡುವುದರಿಂದ, ನಾಲ್ಕಾರು ಫೋನುಗಳೂ ಒಂದು ಟಿವಿಯೂ ಇರುವ ಮನೆಗೆ ಇಂದು ಯೋಗ್ಯವಾದ ಆಯ್ಕೆ. 2024ರ ವೈಫೈ 7ಕ್ಕೆ ಹೆಚ್ಚು ಹಣ ಕೊಡುವ ಅಗತ್ಯ ನಮ್ಮಂಥವರಿಗೆ ಇನ್ನೂ ಬಂದಿಲ್ಲ. ನೆರೆಯಲ್ಲಿ ಅನೇಕ ಪೆಟ್ಟಿಗೆಗಳಿದ್ದರೆ 2.4ರ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಓಣಿಗಳು 1, 6, 11 ಎಂಬ ಮೂರೇ ಎಂಬುದು ನೆನಪಿರಲಿ.

ನಂಬಿಕೆಗೆ ಅರ್ಹವಾದ ರೂಟರೆಂದರೆ ಯಾವುದು? ಇಷ್ಟು ಕಾಲದ ಅನುಭವದಿಂದ ಹೇಳುವುದಾದರೆ, ತಯಾರಿಸಿದವರು ಮಾರಿದ ಮೇಲೆಯೂ ಕೈಬಿಡದೆ ನೋಡಿಕೊಳ್ಳುವ ಪೆಟ್ಟಿಗೆಯೇ ಅದು. ರೂಟರು ಒಂದು ಪುಟ್ಟ ಕಂಪ್ಯೂಟರಾಗಿದ್ದು, ಅದರೊಳಗಿನ ತಂತ್ರಾಂಶದಲ್ಲಿ ಕಾಲಕಾಲಕ್ಕೆ ಬಿರುಕುಗಳು ಪತ್ತೆಯಾಗುತ್ತಲೇ ಇರುತ್ತವೆ. ಅವುಗಳನ್ನು ಮುಚ್ಚುವ ತಿದ್ದುಪಡಿಗಳನ್ನು ಕಂಪನಿಯು ವರ್ಷಗಟ್ಟಲೆ ಕಳುಹಿಸುತ್ತಿರಬೇಕು. ಕೊಳ್ಳುವ ಮುನ್ನ ಆ ಮಾದರಿಗೆ ಕಡೆಯ ತಿದ್ದುಪಡಿ ಯಾವಾಗ ಬಂದಿತೆಂದು ಕಂಪನಿಯ ತಾಣದಲ್ಲಿ ನೋಡಿದರೆ ಅವರ ಶ್ರದ್ಧೆ ತಿಳಿಯುತ್ತದೆ. ಎರಡು ಮೂರು ವರ್ಷಗಳಿಂದ ಏನೂ ಬಂದಿಲ್ಲವಾದರೆ ಆ ಪೆಟ್ಟಿಗೆಯನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡವೆನ್ನಬೇಕು. ಮೂರು ವರ್ಷದ ವಾರಂಟಿ, ಹತ್ತಿರದ ಊರಿನಲ್ಲಿ ಸರ್ವಿಸ್ ಸೆಂಟರು, ತಾನಾಗಿಯೇ ತಿದ್ದುಪಡಿಯನ್ನು ಹಾಕಿಕೊಳ್ಳುವ ಸೌಕರ್ಯ ಇವು ಅನಂತರದ ಲಕ್ಷಣಗಳು. ರಸೀದಿಯಿಲ್ಲದ, ಹೆಸರಿಲ್ಲದ ಸರಕನ್ನು ಗಡಿಯ ಸಂತೆಯಲ್ಲಿ ಅಗ್ಗವೆಂದು ಕೊಂಡರೆ ಈ ಯಾವುದೂ ದೊರೆಯುವುದಿಲ್ಲ.

ಅಲಕ್ಷ್ಯದಿಂದ ಆಗುವ ಅನರ್ಥವನ್ನು ಲೋಕ 2016ರಲ್ಲಿ ಕಂಡಿತು. ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನೇ ಬದಲಾಯಿಸದೆ ಬಿಟ್ಟಿದ್ದ ಲಕ್ಷಾಂತರ ಮನೆಗಳ ಕ್ಯಾಮೆರಾ, ರೂಟರುಗಳಿಗೆ ನುಗ್ಗಿ, ಮನೆಯವರಿಗೆ ಅರಿವೇ ಇಲ್ಲದಂತೆ ಅವುಗಳನ್ನೆಲ್ಲ ತನ್ನ ಸೈನ್ಯವಾಗಿ ಮಾಡಿಕೊಂಡು, ಅಕ್ಟೋಬರ್ ತಿಂಗಳ ಒಂದು ದಿನ ಅಮೆರಿಕೆಯ ಎಷ್ಟೋ ಪ್ರಸಿದ್ಧ ತಾಣಗಳನ್ನು ಗಂಟೆಗಟ್ಟಲೆ ಸ್ತಬ್ಧಗೊಳಿಸಿತು. ಅಂತಹ ಅರಕ್ಷಿತ ಪೆಟ್ಟಿಗೆ ನಮ್ಮ ಪಡಸಾಲೆಯಲ್ಲಿಯೂ ಇರಬಹುದು. ಪಿಂಚಣಿಯ ಬ್ಯಾಂಕು ಲೆಕ್ಕ, ಆಧಾರ್ ವಿವರ, ಮಗಳ ಭಾವಚಿತ್ರ ಎಲ್ಲವೂ ಹಾದುಹೋಗುವುದು ಅದರೊಳಗಿಂದಲೇ. ರಕ್ಷಣೆಯ ಪದ್ಧತಿಗಳಲ್ಲಿ ವೆಪ್ ಎಂಬುದು 2001ರಲ್ಲಿಯೇ ಭೇದಿಸಲ್ಪಟ್ಟಿದೆ. 2004ರ ಡಬ್ಲ್ಯುಪಿಎ 2 ಕನಿಷ್ಠ ಪಕ್ಷ ಇರಲೇಬೇಕು, 2018ರ ಡಬ್ಲ್ಯುಪಿಎ 3 ಇದ್ದರೆ ಉತ್ತಮ. ಗುಂಡಿಯೊತ್ತಿ ಜೋಡಿಸುವ ಡಬ್ಲ್ಯುಪಿಎಸ್ ಸೌಕರ್ಯವನ್ನು ನಿಲ್ಲಿಸಿಬಿಡತಕ್ಕದ್ದು. ಬಂದ ನೆಂಟರಿಗೆ ಗೆಸ್ಟ್ ಎಂಬ ಬೇರೆ ಹೆಸರಿನ ಜಾಲವನ್ನು ಕೊಟ್ಟರೆ ಆತಿಥ್ಯಕ್ಕೂ ಕೊರತೆಯಿಲ್ಲ, ಮನೆಯ ಗುಟ್ಟಿಗೂ ಅಪಾಯವಿಲ್ಲ.

ಪಾಸ್‌ವರ್ಡು ಎರಡು ಇರುತ್ತವೆಂಬುದು ಅನೇಕರಿಗೆ ತಿಳಿದಿಲ್ಲ. ಫೋನನ್ನು ವೈಫೈಗೆ ಸೇರಿಸುವಾಗ ಹೊಡೆಯುವುದು ಒಂದು; ಪೆಟ್ಟಿಗೆಯ ಸೆಟ್ಟಿಂಗ್ಸ್ ತೆರೆಯಲು ಬೇಕಾದುದು ಮತ್ತೊಂದು. ಎಷ್ಟೋ ಮನೆಗಳಲ್ಲಿ ಎರಡನೆಯದು ಪೆಟ್ಟಿಗೆ ಬಂದ ದಿನ ಹೇಗಿತ್ತೋ ಹಾಗೆಯೇ, ಅಡ್ಮಿನ್ ಎಂಬ ಒಂದೇ ಪದವಾಗಿ ಉಳಿದಿದೆ. ಓದುಗರು ಈ ಹೊತ್ತಿಗೆಯನ್ನು ಕೆಳಗಿಟ್ಟ ಮೇಲೆ ದಯವಿಟ್ಟು ಎದ್ದು ಹೋಗಿ ತಮ್ಮ ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿರುವ ಚೀಟಿಯನ್ನು ಓದಬೇಕು. ಅಲ್ಲಿ ಆ ಪದವೇ ಇದ್ದರೆ, ಮಗನನ್ನೋ ಸೊಸೆಯನ್ನೋ ಕೇಬಲ್ಲಿನ ಹುಡುಗನನ್ನೋ ಕೂರಿಸಿಕೊಂಡು, ಇಂದು ರಾತ್ರಿ ಮಲಗುವುದರೊಳಗಾಗಿ ಅದನ್ನು ಬದಲಾಯಿಸಬೇಕು.